ಮಗ್ಗದ ಮೇಲಿನ ಸೀರೆ

ಪ್ರೋಗ್ರಾಂ ಬರೆಯಲು ಕಲಿಯುತ್ತಿದ್ದ ಶಿಷ್ಯನೊಬ್ಬ ಗುರುಗಳನ್ನು ಕೇಳಿದ: "ಆಬ್ಜೆಕ್ಟಿನ ಗುಣಗಳೆಲ್ಲ ನನಗೆ ಕಾಣುತ್ತಲೇ ಇವೆ. ಬೇಕಾದುದನ್ನು ನಾನೇ ಬದಲಿಸಿದರೆ ಕೆಲಸ ಮುಗಿಯಿತು. ಹಾಗಿರುವಾಗ ಬದಲಾವಣೆಗೆಂದೇ ಅದರೊಳಗೆ ಬರೆದಿಟ್ಟ ಮೆಥಡ್ಡನ್ನು ಕರೆದು, ಅದರ ಕೈಯಿಂದಲೇ ಏಕೆ ಮಾಡಿಸಬೇಕು?"

ಗುರುಗಳು ಹೇಳಿದರು:

ಒಬ್ಬ ವರ್ತಕನಿದ್ದ. ಮಗಳ ಮದುವೆಗೆಂದು ನೇಕಾರನೊಬ್ಬನಿಗೆ ಸೀರೆ ನೇಯಲು ಹೇಳಿದ್ದ. ಒಯ್ಯಲು ಬಂದಾಗ ನೇಕಾರ ಒಳಗೆ ಊಟಕ್ಕೆ ಕುಳಿತಿದ್ದ. ಸೀರೆ ಮಗ್ಗದ ಮೇಲಿತ್ತು. ಸೆರಗಿನ ಕೊನೆಯವರೆಗೂ ನೇಯ್ದಾಗಿತ್ತು.

ನೇಕಾರನ ಹೆಂಡತಿ "ಕರೆಯಲೇ?" ಎಂದಳು.

"ಬೇಡ ತಾಯಿ, ಉಣ್ಣಲಿ. ನಾನು ಕಾಯುತ್ತೇನೆ" ಎಂದ ವರ್ತಕ. ಆಕೆ ಒಳಗೆ ಹೋದಳು.

ಸ್ವಲ್ಪ ಹೊತ್ತು ಕಾದ. ಮದುವೆಯ ಮನೆ, ನೂರೆಂಟು ಕೆಲಸ. ಸೀರೆ ಮುಗಿದಿರುವುದು ಕಣ್ಣಿಗೆ ಕಾಣುತ್ತಿದೆ, ಕತ್ತರಿಯೂ ಇಲ್ಲೇ ಇದೆ, ಇಷ್ಟಕ್ಕೆ ಅವನೇ ಏಕೆ ಬರಬೇಕು ಎಂದುಕೊಂಡ. ಸೆರಗಿನ ಅಂಚಿಗೆ ಕತ್ತರಿ ಇಟ್ಟು ಕತ್ತರಿಸಿಬಿಟ್ಟ.

ಮಗ್ಗಕ್ಕೆ ಉದ್ದುದ್ದ ಎಳೆದು ಕಟ್ಟಿದ ಅದೇ ಹಾಸಿನಲ್ಲಿ ಇನ್ನೊಂದು ಸೀರೆಗೂ ಆಗುವಷ್ಟು ನೂಲಿತ್ತು. ನೇಕಾರನಾಗಿದ್ದರೆ ಉಳಿದ ಎಳೆಗಳನ್ನು ಮೊದಲು ಕೋಲಿಗೆ ಕಟ್ಟಿಕೊಂಡು ಆಮೇಲೆ ಕತ್ತರಿಸುತ್ತಿದ್ದ. ಈಗ ಹಿಡಿತ ತಪ್ಪಿದ ಎಳೆಗಳೆಲ್ಲ ಅವನ್ನು ಸಾಲಾಗಿ ಹಿಡಿದಿಡುವ ಮಗ್ಗದ ಹಣಿಗೆಯಿಂದ ಜಾರಿ, ಹಿಂದಕ್ಕೆ ಹೋಗಿ ಸಿಕ್ಕುಗಟ್ಟಿದವು.

ಕತ್ತರಿಯ ಸದ್ದು ಕೇಳಿ ನೇಕಾರ ಎಂಜಲು ಕೈಯಲ್ಲೇ ಬಂದು ನಿಂತ. ಬಯ್ಯಲಿಲ್ಲ. "ಮುಗಿದಿದೆಯೇ ಎಂದು ತಿಳಿಯಲು ನೋಡಿದರೆ ಸಾಕಿತ್ತು ಯಜಮಾನರೇ. ಮಗ್ಗದಿಂದ ಬಿಡಿಸಲು ನನ್ನನ್ನು ಕರೆಯಬೇಕಿತ್ತು" ಎಂದ. ಕೈ ತೊಳೆದು ಬಂದು ಸೀರೆಯನ್ನು ಮಡಿಸಿ ಕೊಟ್ಟ.

ಹೆಂಡತಿ ಎಳೆಗಳನ್ನೇ ನೋಡುತ್ತ, "ನಮ್ಮ ಹುಡುಗಿಯ ಸೀಮಂತಕ್ಕೆ ಇಟ್ಟದ್ದು" ಎಂದಳು.

ವರ್ತಕ ಅಲ್ಲೇ ಕುಳಿತು ಸಿಕ್ಕು ಬಿಡಿಸಲು ನೋಡಿದ. ಅವನ ಬೆರಳಿಗೆ ನೂಲು ತುಂಡಾಯಿತು. "ಬಿಡಿ" ಎಂದಳು ಆಕೆ, ಮೆಲ್ಲಗೆ. ಅವನು ಸೀರೆಯನ್ನು ಕಂಕುಳಲ್ಲಿ ಅವುಚಿಕೊಂಡು, ಯಾರ ಮುಖವನ್ನೂ ನೋಡದೆ ಬೀದಿಗಿಳಿದ.

ಮದುವೆ ಮುಗಿಯಿತು. ಸೀಮಂತಕ್ಕೆ ಅವನಿಗೂ ಕರೆ ಬಂತು. ಪೇಟೆಯಲ್ಲಿ ಒಳ್ಳೆಯದೊಂದು ಸೀರೆ ಕೊಂಡು ಹೋದ. ನೇಕಾರನ ಮಗಳು ತಾಯಿಯ ಹಳೆಯ ಸೀರೆಯುಟ್ಟು ಹಸೆಯ ಮೇಲೆ ಕುಳಿತಿದ್ದಳು. ಅವನನ್ನು ಕಂಡು ನಕ್ಕು, "ಅಪ್ಪ ನೇಯ್ದ ಸೀರೆ ನಿಮ್ಮ ಮಗಳಿಗೆ ಒಪ್ಪಿತೇ?" ಎಂದು ಕೇಳಿದಳು. ವರ್ತಕನಿಗೆ ತಂದದ್ದನ್ನು ಮುಂದೆ ಹಿಡಿಯಲು ಕೈ ಏಳಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

"ಆದರೂ ಸೀರೆ ಅವನದೇ ಅಲ್ಲವೇ?" ಎಂದ ಶಿಷ್ಯ.

"ಸೀರೆ ಅವನದೇ. ಮಗ್ಗ ಅವನದಾಗಿರಲಿಲ್ಲ" ಎಂದರು ಗುರುಗಳು.