ಹಾಲವ್ವ ದೊರೆಯ ಬೆತ್ತವಾದದ್ದು

ಒಂದಾನೊಂದು ಊರಿನಲ್ಲಿ, ಕೇಳ್ರಪ್ಪಾ, ಒಂದೇ ಒಂದು ಕಾನೂನಿತ್ತು. ಊರಿನ ಹೆಸರು ಡೊಂಕೂರು. ಕಾನೂನು ಮಾತ್ರ ನೆಟ್ಟಗಿತ್ತು. ಯಾರು ಏನನ್ನು ಮುರಿಯುತ್ತಾರೋ, ಅದು ಮತ್ತೆ ಸರಿಯಾಗುವವರೆಗೂ ಅದರ ಕೆಲಸವನ್ನು ಅವರೇ ಮಾಡಬೇಕು. ಬಾಗಿಲು ಮುರಿದವನು ಬಾಗಿಲಾಗಿ ನಿಲ್ಲಬೇಕು. ಬಂದವರು ತಳ್ಳಿದರೆ ಕಿರ್ರ್ ಅನ್ನಬೇಕು. ಕನ್ನಡಿ ಒಡೆದವಳು ಕನ್ನಡಿಯ ಜಾಗದಲ್ಲಿ ಕೂತು, ಎದುರಿಗೆ ಬಂದವರು ಹಲ್ಲು ಕಿರಿದರೆ ತಾನೂ ಕಿರಿಯಬೇಕು. "ಯಾಕೆ ಮುರಿದೆ?" ಅಂತ ಯಾರೂ ಕೇಳುತ್ತಿರಲಿಲ್ಲ. ಕೇಳುವುದು ಕಾನೂನಿನಲ್ಲಿ ಇರಲಿಲ್ಲ.

ಆ ಊರಿನ ದೊರೆ ಬೆತ್ತೇಂದ್ರ. ಅವನಿಗೆ ಹೆಂಡತಿಗಿಂತ, ಸಿಂಹಾಸನಕ್ಕಿಂತ ತನ್ನ ಬೆತ್ತವೇ ಹೆಚ್ಚು. ಬೆಳ್ಳಿ ಹಿಡಿಯ ಬೆತ್ತ. ಅದು ಮಾತಾಡುತ್ತಿತ್ತು, ತನ್ನಷ್ಟಕ್ಕೆ ತಾನೇ ಕುಪ್ಪಳಿಸಿಕೊಂಡು ಊರು ಸುತ್ತುತ್ತಿತ್ತು. ದೊರೆ ಊಟಕ್ಕೆ ಕೂತರೆ ಬೆತ್ತಕ್ಕೂ ಒಂದು ಎಲೆ. ಯಾರಾದರೂ ಹುಬ್ಬೇರಿಸಿದರೆ ದೊರೆ ಹೇಳುತ್ತಿದ್ದ: "ನನ್ನ ಬೆತ್ತ ಬೇರೆಯಲ್ಲ, ನಾನು ಬೇರೆಯಲ್ಲ."

ಅದೇ ಊರಿನಲ್ಲಿ ಹಪ್ಪಳ ಮಾಡುವ ಹಾಲವ್ವ ಇದ್ದಳು. ಗಟ್ಟಿ ಹೆಂಗಸು. ಒಂದು ದಿನ ಬೆಳಿಗ್ಗೆ ಜಗಲಿಯ ಮೇಲೆ ಕೂತು ಹಪ್ಪಳ ಲಟ್ಟಿಸುತ್ತಿದ್ದಳು. ಬೆತ್ತ ಕುಪ್ಪಳಿಸಿಕೊಂಡು ಬಂತು.

"ನನಗೆ ಯಾಕೆ ಕೈಮುಗಿಯಲಿಲ್ಲ?"

"ಕೈ ತುಂಬಾ ಹಿಟ್ಟಿದೆಯಪ್ಪ. ತೊಳೆದುಕೊಂಡು ಮುಗಿಯುತ್ತೇನೆ."

"ಅಲ್ಲಿಯವರೆಗೆ ನಾನು ಏನು ಮಾಡಲಿ?" ಅಂದ ಬೆತ್ತ ಅವಳ ಭುಜಕ್ಕೆ ಒಂದು ಬಾರಿಸಿತು. ಆಮೇಲೆ ಮೇಲಕ್ಕೆ ಹಾರಿ, ನೇರ ತಲೆಗೇ ಬಂತು. ಹಾಲವ್ವ ಕಣ್ಣುಮುಚ್ಚಿ ಲಟ್ಟಣಿಗೆ ಅಡ್ಡ ಹಿಡಿದಳು. ಠಕ್! ಬೆತ್ತ ಎರಡು ತುಂಡು. ಕೆಳಗಿನ ತುಂಡು ಅಲ್ಲೇ ಬಿತ್ತು. ಮೇಲಿನ ತುಂಡು ಗಿರಗಿರ ತಿರುಗುತ್ತಾ ಪಕ್ಕದ ಮನೆಗೆ ಹೋಯಿತು. ಅಲ್ಲಿ ಕೊಟ್ರಪ್ಪ ದಾರಿಹೋಕರಿಗೆ ಮಜ್ಜಿಗೆ ಕೊಡಲು ಮಡಕೆ ಇಟ್ಟುಕೊಂಡು ಕೂತಿದ್ದ. ತುಂಡು ಹೋಗಿ ಮಡಕೆಗೆ ಬಡಿಯಿತು. ಮಡಕೆ ಚೂರುಚೂರು. ಮಜ್ಜಿಗೆ ಬೀದಿಪಾಲು.

"ಹಾಲವ್ವಕ್ಕಾ, ನಾನೇನು ಮಾಡಿದ್ದೆ?" ಅಂದ ಕೊಟ್ರಪ್ಪ. ಪಾಪ, ಅವನೇನೂ ಮಾಡಿರಲಿಲ್ಲ.

ಅರಮನೆಯಲ್ಲಿ ವಿಚಾರಣೆ ನಡೆಯಿತು. ಬೆತ್ತದ ತುಂಡುಗಳನ್ನು ಎರಡು ದಿಂಬಿನ ಮೇಲೆ ಮಲಗಿಸಿದ್ದರು. ಮುರಿದ ಮೇಲೆ ಎರಡಕ್ಕೂ ಅರ್ಧರ್ಧ ಮಾತು ಬರುತ್ತಿತ್ತು.

"ನಾನು ನನ್ನ ಪಾಡಿಗೆ," ಅಂದಿತು ಮೇಲಿನ ತುಂಡು.

"ಹೊಡೆಯುತ್ತಿದ್ದೆ," ಅಂದಿತು ಕೆಳಗಿನ ತುಂಡು.

"ಇವಳು ಸುಮ್ಮನೆ," ಅಂದಿತು ಮೇಲಿನದು.

"ಹೊಡೆಸಿಕೊಳ್ಳಲಿಲ್ಲ," ಅಂದಿತು ಕೆಳಗಿನದು.

ಮಡಕೆಯ ದೊಡ್ಡ ಚೂರು ಬಿಕ್ಕುತ್ತಾ ಹೇಳಿತು: "ನಾನು ಯಾರ ತಂಟೆಗೂ ಹೋದವಳಲ್ಲ."

ಹಾಲವ್ವನಿಗೆ ಕರುಳು ಚುರ್ ಅಂದಿತು. "ನಿನ್ನದು ನಿಜ ತಾಯಿ. ನಿನ್ನ ಮುಂದೆ ನಾನು ಮಾತಾಡಲಾರೆ. ಆದರೆ ಬೆತ್ತದ ಮುಂದೆ ಮಾತಾಡುತ್ತೇನೆ. ಬುದ್ಧಿ, ಅದು ನನ್ನ ತಲೆಗೆ ಬಂತು. ನಾನು ಅಡ್ಡ ಹಿಡಿಯದಿದ್ದರೆ ಮುರಿಯುತ್ತಿದ್ದದ್ದು ನನ್ನ ತಲೆ."

"ಮುರಿದಿದ್ದರೆ ಏನಾಗುತ್ತಿತ್ತು?" ಅಂದ ದೊರೆ. "ನನ್ನ ಬೆತ್ತ ನಿನ್ನ ತಲೆಯ ಕೆಲಸ ಮಾಡುತ್ತಿತ್ತು. ಹಪ್ಪಳಕ್ಕೆ ಉಪ್ಪೆಷ್ಟು, ಖಾರವೆಷ್ಟು ಅಂತ ಅದೇ ಯೋಚಿಸುತ್ತಿತ್ತು. ಕಾನೂನು ಎಲ್ಲರಿಗೂ ಒಂದೇ!"

ಸಭೆ ತಲೆದೂಗಿತು. ತೀರ್ಪು ಬಂತು. ಹಾಲವ್ವ ಬೆಳಿಗ್ಗೆ ದೊರೆಯ ಬೆತ್ತ, ಮಧ್ಯಾಹ್ನ ಕೊಟ್ರಪ್ಪನ ಮಡಕೆ. ಎರಡೂ ಸರಿಯಾಗುವವರೆಗೆ. ಮುರಿದ ಬೆತ್ತ, ಒಡೆದ ಮಡಕೆ ಎಂದಾದರೂ ಕೂಡಿಕೊಂಡಾವೇ? ಅಂದರೆ ಬದುಕಿರುವವರೆಗೆ. ಅವಳ ಹಪ್ಪಳದ ಹಿಟ್ಟು ಜಗಲಿಯ ಮೇಲೆ ಒಣಗಿ ಬಿರುಕು ಬಿಟ್ಟಿತು. ಅದನ್ನು ನೋಡಿ ಅವಳು ಒಂದು ಗಳಿಗೆ ಕಣ್ಣೊರೆಸಿಕೊಂಡಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ನಾನು ಮಾಡಿದ್ದು ಸರಿ," ಅಂದಳು. "ಸರಿಯಾದದ್ದು ಎಲ್ಲಿಗೆ ಹೋಗುತ್ತೆ? ಎಲ್ಲೋ ಸುತ್ತಿಕೊಂಡು ಬರುತ್ತೆ."

ಮಧ್ಯಾಹ್ನ ಕೊಟ್ರಪ್ಪನ ಮನೆಯಲ್ಲಿ ಮಡಕೆಯ ಜಾಗದಲ್ಲಿ ಕೂತು ಬಾಯಿ ತೆರೆದಳು. ಕೊಟ್ರಪ್ಪ ಸಂಕೋಚದಿಂದ ಮಜ್ಜಿಗೆ ಹೊಯ್ದ. ಗಟಗಟ ಇಳಿಯಿತು. ಇನ್ನೊಂದು ತಂಬಿಗೆ ಹೊಯ್ದ. ಅದೂ ಇಳಿಯಿತು.

"ಅಕ್ಕಾ, ಮಡಕೆ ಮಜ್ಜಿಗೆ ಕುಡಿಯಬಾರದು."

"ಕುಡಿದೆನಾ? ಒಳಗೆ ಇಟ್ಟುಕೊಂಡಿದ್ದೇನೆ. ಮಡಕೆ ಮಾಡೋದು ಇನ್ನೇನು?"

"ಮತ್ತೆ ಹೊರಗೆ ಬರೋದು?"

"ಅದು ನಿನ್ನ ಸೌಟಿನ ಕೆಲಸ ತಮ್ಮಾ, ನನ್ನದಲ್ಲ."

ಕೊಟ್ರಪ್ಪ ತಲೆ ಕೆರೆದುಕೊಂಡ. ದಾರಿಹೋಕರು ಬಾಯಾರಿಕೊಂಡೇ ಮುಂದೆ ಹೋದರು.

ಬೆಳಗಿನ ಕೆಲಸ ಇನ್ನೂ ಕಷ್ಟ. ದೊರೆ ಅವಳ ನೆತ್ತಿಯ ಮೇಲೆ ಕೈಯೂರಿ ನಡೆಯುತ್ತಿದ್ದ. ಅವನು ಹೆಜ್ಜೆ ಇಟ್ಟಾಗಲೆಲ್ಲ ಅವಳು "ಟಕ್" ಅನ್ನಬೇಕು. ಮರೆತರೆ ದೊರೆ ನಿಂತುಬಿಡುತ್ತಿದ್ದ.

ಹೀಗಿರುವಾಗ ಒಂದು ಬೆಳಿಗ್ಗೆ ದೊರೆ ಬೇಟೆಗೆ ಹೊರಟ. ಅರಮನೆಯ ಮೊಗಸಾಲೆಯಲ್ಲಿ ಸೂಲಗಿತ್ತಿ ಓಬಜ್ಜಿ ಕೂತಿದ್ದಳು. ದೊರೆ ಹುಟ್ಟಿದಾಗ ಹೆರಿಗೆ ಮಾಡಿಸಿದವಳೇ ಅವಳು. ಹಣ್ಣು ಹಣ್ಣು ಮುದುಕಿ. ಪ್ರೀತಿಯಿಂದ ಕೇಳಿಬಿಟ್ಟಳು: "ಎಲ್ಲಿಗೆ ಹೊರಟೆ ಮಗಾ?"

ಹೊರಟವರನ್ನು ಎಲ್ಲಿಗೆ ಅಂತ ಕೇಳುವುದುಂಟೇ? ದೊರೆಯ ಮುಖ ಕೆಂಪಾಯಿತು. "ಅಪಶಕುನ! ಬೆತ್ತವೇ, ಹೊಡಿ ಅವಳನ್ನು!"

ಬೆತ್ತ ಅಲ್ಲಾಡಲಿಲ್ಲ.

"ಹೊಡಿ ಅಂದೆ!"

"ಯಾಕೆ ಬುದ್ಧಿ?" ಅಂದಳು ಹಾಲವ್ವ.

"ಬೆತ್ತ ಯಾಕೆ ಅಂತ ಕೇಳಬಾರದು!"

"ಕೇಳಬಾರದಾದರೆ ಬೇಡ. ಹೊಡೆಯೋದೂ ಇಲ್ಲ." ಹಾಗೆ ಅಂದವಳೇ ಓಬಜ್ಜಿಯ ಮುಂದೆ ಹೋಗಿ ನೆಟ್ಟಗೆ ನಿಂತಳು. ಅಲ್ಲಿಂದ ಕದಲಲಿಲ್ಲ.

ದೊರೆ ಮುಷ್ಟಿ ಬಿಗಿದು ಬೀಸಿದ. ಹಾಲವ್ವ ಓಬಜ್ಜಿಯನ್ನು ಅಪ್ಪಿಕೊಂಡು ಬಗ್ಗಿದಳು. ಬೀಸಿದ ಮುಷ್ಟಿ ಇಬ್ಬರ ತಲೆಯ ಮೇಲಿಂದ ಹಾದು ಮೊಗಸಾಲೆಯ ಕಂಬಕ್ಕೆ ಗುದ್ದಿತು. ದೊರೆ ಉಂಡ ಪಾಯಸಕ್ಕೇನು ಲೆಕ್ಕವೇ? ಆ ಬಲಕ್ಕೆ ಕಂಬ ಲಟಕ್ಕನೆ ಮುರಿಯಿತು. ಚಾವಣಿ ಗಡಗಡ ಅಂದು ಒಂದು ಮೊಳ ಕೆಳಗಿಳಿಯಿತು.

"ಯಾರದು?" ಅಂದಿತು ಕಂಬ, ಮಲಗಿದಲ್ಲಿಂದಲೇ. "ಯಾರು ಮುರಿದರೋ ಅವರು ಬೇಗ ಬನ್ನಿ. ಅಡಿಯಲ್ಲಿ ಜನ ಇದ್ದಾರೆ!"

ದೊರೆ ಓಡಿಹೋಗಿ ಎರಡೂ ಕೈಯಿಂದ ಚಾವಣಿ ಎತ್ತಿ ಹಿಡಿದ. ಕಾನೂನು ಕಾನೂನೇ. ಬೆವರು ಧಾರಾಕಾರ ಸುರಿಯಿತು.

"ಇದು ಅನ್ಯಾಯ!" ಅಂತ ಕೂಗಿದ. "ಇವಳು ತಪ್ಪಿಸಿಕೊಂಡದ್ದಕ್ಕೇ ಕಂಬ ಮುರಿದದ್ದು! ಯಾರಾದರೂ ಯಾಕೆ ಮುರಿಯಿತು ಅಂತ ಕೇಳಿ! ಯಾಕೆ ಅಂತ ಕೇಳ್ರೋ!"

"ಕೇಳುವುದು ಕಾನೂನಿನಲ್ಲಿ ಇಲ್ಲವಲ್ಲ ಬುದ್ಧಿ," ಅಂದಳು ಹಾಲವ್ವ.

"ಇದೆ! ಈ ಗಳಿಗೆಯಿಂದ ಇದೆ! ಮುರಿದವರನ್ನೆಲ್ಲ ಯಾಕೆ ಅಂತ ಕೇಳಲೇಬೇಕು. ಇದು ನನ್ನ ಆಜ್ಞೆ!"

ಡೊಂಕೂರಿನಲ್ಲಿ ಮೊದಲ ಸಲ 'ಯಾಕೆ' ಹುಟ್ಟಿದ್ದು ಹೀಗೆ.

"ಸರಿ, ಹಾಗಾದರೆ ಸರದಿಯ ಮೇಲೆ ಕೇಳೋಣ," ಅಂದಿತು ಕಂಬ. "ಹಾಲವ್ವಾ, ನೀನು ಬೆತ್ತ ಮುರಿದದ್ದು ಯಾಕೆ?"

"ನನ್ನ ತಲೆ ಉಳಿಸಿಕೊಳ್ಳೋಕೆ."

"ಹಾಗಾದರೆ ಬೆತ್ತಕ್ಕೆ ನೀನು ಏನೂ ಬಾಕಿ ಇಲ್ಲ. ಹೊಡೆಯಲು ಬಂದದ್ದು ಮುರಿದರೆ ಅದರ ನೋವು ಅದಕ್ಕೇ. ಇನ್ನು ಮಡಕೆ?"

"ಮಡಕೆಯದು ತಪ್ಪಿಲ್ಲ. ಕೊಟ್ರಪ್ಪನದೂ ಇಲ್ಲ. ಅವರಿಗೆ ಆದ ನಷ್ಟ ಯಾರಾದರೂ ತುಂಬಿಕೊಡಲೇಬೇಕು," ಅಂದಳು ಹಾಲವ್ವ.

"ಯಾರು ಅಂದರೆ, ಮೊದಲು ಹೊಡೆಯೋಕೆ ಬಂದವರು. ಅಂದರೆ ಬೆತ್ತ. ದೊರೆಯೇ, ಆ ಬೆತ್ತ ಯಾರು?"

ಇಡೀ ಊರು ದೊರೆಯ ಮಾತನ್ನು ಬಾಯಿಪಾಠ ಮಾಡಿಕೊಂಡಿತ್ತು. ಸದ್ದು ಕೇಳಿ ನೆರೆದವರೆಲ್ಲ ಒಟ್ಟಿಗೆ ಕೂಗಿದರು: "ಬೆತ್ತ ಬೇರೆಯಲ್ಲ, ದೊರೆ ಬೇರೆಯಲ್ಲ!"

"ಅಲ್ಲಿಗೆ ಮಡಕೆಯ ಕೆಲಸ ದೊರೆಯದು," ಅಂದಿತು ಕಂಬ.

"ಆಗಲಿ, ಆಗಲಿ! ಈಗ ನನ್ನನ್ನು ಕೇಳು!" ಅಂದ ದೊರೆ ಏದುಸಿರು ಬಿಡುತ್ತಾ.

"ನೀನು ನನ್ನನ್ನು ಮುರಿದದ್ದು ಯಾಕಪ್ಪ?"

"ಹಾಲವ್ವನಿಗೆ ಹೊಡೆಯೋಕೆ ಹೋಗಿ..." ಅಂದವನು ಅಲ್ಲಿಗೇ ನಿಂತ.

"ಅವಳು ತಪ್ಪಿಸಿಕೊಂಡಳು. ನೀನು ಹೊಡೆದೆ. ಗಟ್ಟಿಯಾಗಿ ಹಿಡಿದುಕೋ, ಎಡಗಡೆ ವಾಲುತ್ತಾ ಇದೆ," ಅಂದಿತು ಕಂಬ.

ಹಾಲವ್ವ ಆ ದಿನವೇ ಮನೆಗೆ ಹೋದಳು. ಹೊಸ ಹಿಟ್ಟು ಕಲಸಿದಳು. ಅದರಲ್ಲಿ ಮೊದಲು ಒಣಗಿದ ಹಪ್ಪಳದ ಕಟ್ಟನ್ನು ಕೊಟ್ರಪ್ಪನ ಕೈಗೆ ಇಟ್ಟಳು.

"ಕಾನೂನಿಗೆ ಅಂತ ಅಲ್ಲ ತಮ್ಮಾ. ಮನಸ್ಸಿಗೆ."

"ಹೋಗಲಿ ಬಿಡಕ್ಕ," ಅಂದ ಕೊಟ್ರಪ್ಪ. "ನೀನು ಮಡಕೆಯಾಗಿದ್ದಕ್ಕಿಂತ ಪಕ್ಕದ ಮನೆಯವಳಾಗಿರೋದೇ ನನಗೆ ಲಾಭ."

ದೊರೆ ಈಗ ಅರಮನೆಯ ಮೊಗಸಾಲೆಯಲ್ಲಿ ಕೈ ಎತ್ತಿಕೊಂಡು ನಿಂತಿದ್ದಾನೆ. ಕೆಳಗಿಳಿದ ಚಾವಣಿಗೂ ಅವನ ನೆತ್ತಿಗೂ ನಡುವೆ ಒಂದು ಗೇಣು ಜಾಗ. ಅಲ್ಲಿ ಅವನ ಕಿರೀಟವನ್ನು ತಲೆಕೆಳಗು ಮಾಡಿ ಕೂರಿಸಿದ್ದಾರೆ. ಕೊಟ್ರಪ್ಪ ದಿನಾ ಬಂದು ಅದರಲ್ಲಿ ಮಜ್ಜಿಗೆ ತುಂಬುತ್ತಾನೆ. ದಾರಿಹೋಕರು ಬಂದು ಸೌಟಿನಲ್ಲಿ ತೆಗೆದು ಕುಡಿಯುತ್ತಾರೆ. ಮಜ್ಜಿಗೆ ಬಹಳ ತಂಪು ಅಂತ ಎಲ್ಲರೂ ಹೊಗಳುತ್ತಾರೆ. ಕರಿಬೇವು ಮೂಗಿನ ಮೇಲೆ ಬಿದ್ದಾಗ ಮಾತ್ರ ದೊರೆ ಸೀನುತ್ತಾನೆ. ಆಗ ಚಾವಣಿಯೂ ಅವನ ಜೊತೆ ಸ್ವಲ್ಪ ಸೀನುತ್ತದೆ.

ಇದರ ನೀತಿ ಏನಪ್ಪಾ ಅಂದರೆ, ಹೊಡೆಯಲು ಕೈ ಎತ್ತುವವರು ಮೊದಲು ಚಾವಣಿ ಎಷ್ಟು ಭಾರ ಅಂತ ವಿಚಾರಿಸಿಕೊಳ್ಳಬೇಕು. ಕತೆ ನಾನು ಹೇಳಿದೆ, ಮಜ್ಜಿಗೆ ಅವರು ಕುಡಿದರು. ನಿಮಗೆ ಬಾಯಾರಿದ್ದರೆ ಬಿಂದಿಗೆಯಲ್ಲಿ ನೀರಿದೆ. ಬಿಂದಿಗೆ ಎತ್ತುವಾಗ ಜೋಪಾನ.