ಬಿಲ್ಲೆಯ ಹಿಂಬದಿಯ ಹೆಸರು

ಬಹಳ ಹಿಂದಿನ ಮಾತು. ಎಷ್ಟು ಹಿಂದಿನದು ಎಂದು ಕೇಳಬೇಡಿ. ಆಗ ಈ ಕೆರೆಗೆ ಏರಿ ಇರಲಿಲ್ಲ, ಆ ಗುಡ್ಡದ ಕೋಟೆಗೆ ಇನ್ನೂ ಬಾಗಿಲಿತ್ತು ಎನ್ನುತ್ತಾರೆ. ಆ ಕಾಲದಲ್ಲಿ ಕಂಚಿನಹಾಳು ಎಂಬ ಒಂದು ಊರಿನಲ್ಲಿ ಮೌನಾಚಾರಿ ಎಂಬ ಕಂಚುಗಾರನಿದ್ದನಂತೆ. ಅವನು ಎರೆದ ಊಟದ ಗಂಗಾಳವನ್ನು ಬೆರಳಿನಿಂದ ತಟ್ಟಿದರೆ ಎದುರು ಓಣಿಯ ನಾಯಿ ಕಿವಿ ನಿಮಿರಿಸುತ್ತಿತ್ತಂತೆ. ಇದನ್ನು ಹೇಳುವವರು ಪ್ರತಿ ಸಲವೂ ಒಂದು ಓಣಿ ಹೆಚ್ಚಿಸಿ ಹೇಳುತ್ತಾರೆ. ಹೆಚ್ಚಿಸಲಿ.

ಹೆಚ್ಚಿಸಬೇಕಾಗಿಲ್ಲದ ಸಂಗತಿ ಇನ್ನೊಂದಿದೆ. ಪಾತ್ರೆ ಸಿದ್ಧವಾದ ಮೇಲೆ ಅದರ ಅಂಚಿಗೆ ಉಳಿಯಿಂದ ಚುಕ್ಕಿ ಚುಕ್ಕಿಯಾಗಿ ಒಡೆಯನ ಹೆಸರು ಹೊಡೆಯುವುದು ಆ ಕುಲದ ಪದ್ಧತಿ. ಹಳೆಯ ಪಾತ್ರೆಯನ್ನು ಕರಗಿಸಿ ಹೊಸದನ್ನು ಎರೆದರೂ ಅದೇ ಹೆಸರನ್ನು ಮತ್ತೆ ಹೊಡೆಯಬೇಕು. ಹೆಸರು ಬಿಟ್ಟರೆ ಅದು ಕಳವು. ಮೌನಾಚಾರಿಯ ತಂದೆ ಕುಲುಮೆಗೆ ಗಾಳಿಯೂದುವ ತಿದಿಯೊತ್ತುವುದಕ್ಕಿಂತ ಮೊದಲು ಮಗನಿಗೆ ಕಲಿಸಿದ್ದು ಇದನ್ನಂತೆ.

ಆ ಕೋಟೆಯ ದಳವಾಯಿ ಗಡಿಗೆ ದಂಡು ಕಳುಹಿಸಿದ. ಕಂಚಿನಹಾಳಿನ ಆಳುಗಳು ಹೋದರು, ಬಹುಪಾಲು ಮರಳಲಿಲ್ಲ. ಆಮೇಲೆ ದಳವಾಯಿ ಡಂಗುರ ಹೊಡೆಸಿದ. ದೊರೆಗೆ ದೀರ್ಘಕಾಲ ನಿಷ್ಠೆಯಿಂದ ಚಾಕರಿ ಮಾಡಿದವರಿಗೆ ಮಹಾನವಮಿಯ ದಿನ ಕಂಚಿನ ಬಿಲ್ಲೆ ಕೊಡಲಾಗುವುದು. ಅದನ್ನು ಎದೆಯ ಮೇಲೆ ಧರಿಸಿದವನು ಎದುರಾದರೆ ಎಲ್ಲರೂ ಎದ್ದು ನಿಲ್ಲಬೇಕು. ದೀರ್ಘಕಾಲವೆಂದರೆ ಹನ್ನೆರಡು ವರ್ಷ, ಒಂದು ದಿನವೂ ಕಡಿಮೆಯಾಗಬಾರದು.

ಈ ಕಟ್ಟಳೆಯನ್ನು ಸಾವಧಾನವಾಗಿ ನೋಡಿ. ಯುದ್ಧಕ್ಕೆ ಹೋದವರಿಗೆ ಹನ್ನೆರಡು ವರ್ಷ ತುಂಬುತ್ತಿರಲಿಲ್ಲ. ಹೋಗದವರಿಗೆ ತಪ್ಪದೆ ತುಂಬುತ್ತಿತ್ತು. ಉಗ್ರಾಣದ ಬಾಗಿಲು ಕಾದವನಿಗೆ ತುಂಬಿತು. ದಳವಾಯಿಗೆ ಎಲೆಯಡಿಕೆ ಮಡಿಚಿ ಕೊಟ್ಟವನಿಗೆ ತುಂಬಿತು. ದಳವಾಯಿಯ ಭಾವಮೈದುನನಿಗಂತೂ ಕುಳಿತಲ್ಲಿಯೇ ತುಂಬಿತಂತೆ.

ಬಿಲ್ಲೆಗೆ ಕಂಚು ಬೇಕಾಯಿತು. ಮನೆಗೊಂದು ಪಾತ್ರೆ ಒಪ್ಪಿಸಬೇಕೆಂದು ಅಪ್ಪಣೆಯಾಯಿತು. ಗಂಡಸರು ಸತ್ತ ಮನೆಗಳಿಗೂ ವಿನಾಯಿತಿ ಇರಲಿಲ್ಲ. ದೇಮವ್ವ ಎಂಬವಳ ಮನೆಯಲ್ಲಿದ್ದದ್ದು ಒಂದೇ ಗಂಗಾಳ. ಅದು ಅವಳ ಗಂಡ ಬರಮ ಉಣ್ಣುತ್ತಿದ್ದ ಗಂಗಾಳ, ಮದುವೆಯಲ್ಲಿ ಅವನ ಹೆಸರು ಹೊಡೆಸಿ ಕೊಟ್ಟದ್ದು. ಬರಮ ಗಡಿಯಲ್ಲಿ ಸತ್ತಿದ್ದ. ಅವನ ಹೆಣ ಊರಿಗೆ ಬಂದಿರಲಿಲ್ಲ. ಅವನ ಹೆಸರು ಉಳಿದದ್ದು ಆ ಅಂಚಿನ ಮೇಲೆ ಮಾತ್ರ.

ದೇಮವ್ವ ಕೋಟೆಗೆ ಹೋದಳಂತೆ. ಗಂಗಾಳವನ್ನು ತೆಗೆದುಕೊಳ್ಳಿ, ಬಿಲ್ಲೆ ಕೊಡುವ ದಿನ ನನ್ನ ಗಂಡನ ಹೆಸರನ್ನೂ ಒಮ್ಮೆ ಕೂಗಿ ಎಂದು ಕೇಳಿಕೊಂಡಳಂತೆ. ಕೋಟೆಯ ಪಾರುಪತ್ಯಗಾರ ನಕ್ಕನಂತೆ. ಬರಮನದು ಮೂರೇ ವರ್ಷದ ಚಾಕರಿ, ನಡುವೆ ಬಿಟ್ಟುಹೋದವರ ಹೆಸರನ್ನು ಕೂಗುವ ವಾಡಿಕೆಯಿಲ್ಲ ಎಂದನಂತೆ.

“ಬಿಟ್ಟು ಎಲ್ಲಿಗೆ ಹೋದನ್ರಿ ಯಪ್ಪಾ?” ಎಂದಳಂತೆ ದೇಮವ್ವ. “ನಿಮ್ಮ ಕೆಲಸದಾಗ ಸತ್ತಾನ. ಇದ್ದ ಆಯುಷ್ಯ ಎಲ್ಲಾ ಕೊಟ್ಟಾನ. ಇದಕ್ಕಿಂತ ಉದ್ದನ ಚಾಕರಿ ಯಾವುದೈತಿ, ನೀವೇ ಹೇಳ್ರಿ.”

ಪಾರುಪತ್ಯಗಾರ ಕೈಬೀಸಿ ಅವಳನ್ನು ಪಕ್ಕಕ್ಕೆ ಸರಿಯಹೇಳಿದ. ಹಿಂದೆ ನಿಂತಿದ್ದವರನ್ನು ಕರೆದ.

ಪಾತ್ರೆಗಳೆಲ್ಲ ಮೌನಾಚಾರಿಯ ಕುಲುಮೆಯ ಮುಂದೆ ರಾಶಿಬಿದ್ದವು. ಎರೆಯುವ ಕೆಲಸ ಅವನ ಪಾಲಿಗೆ ಬಂದಿತ್ತು. ದೇಮವ್ವ ತನ್ನ ಗಂಗಾಳವನ್ನು ತಾನೇ ಹೊತ್ತು ತಂದಳು.

“ಆಚಾರ್ರ, ಮಣ್ಣಿಗಿಡಾಕ ನನಗ ಹೆಣ ಸಿಗಲಿಲ್ಲ. ಹೆಸರೊಂದು ಉಳದೈತಿ. ಅದನ್ನ ನೀವು ಸುಡ್ರಿ.”

“ಸುಡದಿದ್ರ ನನ್ನ ತಲಿ ಹೋಗತೈತವ್ವ.”

“ತಲಿ ಇಟ್ಕೊಳ್ರಿ. ಬಿಲ್ಲಿ ಹಾಕ್ಕೊಂಡವರು ಓಣ್ಯಾಗ ಬಂದಾಗ ಬಗ್ಗಸಾಕ ಬೇಕಾಗತೈತಿ.”

ಅವನಿಗೆ ದಳವಾಯಿಯ ಭಯವೇ ಇರಲಿಲ್ಲ ಎನ್ನುವವರು ಸುಳ್ಳು ಹೇಳುತ್ತಾರೆ. ಭಯವಿತ್ತು. ಆದರೆ ತಂದೆ ಕಲಿಸಿದ ಕಟ್ಟಳೆಗೆ ದಳವಾಯಿಯ ಹೆಸರಿನಲ್ಲಿ ವಿನಾಯಿತಿಯಿರಲಿಲ್ಲ. ಒಂದೊಂದು ಪಾತ್ರೆಯನ್ನೂ ಕರಗಿಸುವ ಮೂಸೆಗೆ ಹಾಕುವ ಮುನ್ನ ಅದರ ಅಂಚನ್ನು ಓದಿಕೊಂಡ. ಎರೆದ ಬಿಲ್ಲೆಗಳ ಮುಂಬದಿಯಲ್ಲಿ ದೊರೆಯ ಲಾಂಛನವಾದ ಆನೆಯಿತ್ತು. ಹಿಂಬದಿ ಬೋಳಾಗಿತ್ತು. ಆ ಬೋಳು ಜಾಗದಲ್ಲಿ, ಬಿಲ್ಲೆಗೊಬ್ಬರಂತೆ, ಅಂಚುಗಳಲ್ಲಿ ಓದಿಕೊಂಡ ಹೆಸರುಗಳನ್ನು, ಗಡಿಯಲ್ಲಿ ಸತ್ತವರವನ್ನು ಮೊದಲು ಮಾಡಿ, ಹೊಡೆದ. ಉಳಿಯ ಮೊನೆ ಆನೆಯ ಬೆನ್ನು ಮುಟ್ಟುವಷ್ಟು ಆಳಕ್ಕೆ ಹೊಡೆದ. ಚುಕ್ಕಿಗಳು ಕಾಣದಂತೆ ಕಂಚಿನ ಪುಡಿ ಕಲಸಿದ ಮೇಣ ತುಂಬಿ, ಮೇಲೆ ಹೊಳಪು ಕೊಟ್ಟ.

ಮಹಾನವಮಿ ಬಂತು. ಭಾವಮೈದುನನ ಎದೆಯ ಮೇಲೆ ಬಿಲ್ಲೆ ಹೊಳೆಯಿತು. ಊರು ಎದ್ದು ನಿಂತಿತು. ವರ್ಷವಿಡೀ ಎದ್ದು ನಿಂತಿತಂತೆ.

ಮರುವರ್ಷದ ಆಯುಧಪೂಜೆಗೆ ಕತ್ತಿ, ಗುರಾಣಿಗಳೊಂದಿಗೆ ಬಿಲ್ಲೆಗಳನ್ನೂ ತೊಳೆಯಬೇಕಾಯಿತು. ಕೋಟೆಯ ಅಂಗಳಕ್ಕೆ ಬಿಟ್ಟಿ ಚಾಕರಿಗೆ ಕರೆದದ್ದು ಯಾರನ್ನು? ಊರಿನ ವಿಧವೆಯರನ್ನು. ಅವರ ಪಾತ್ರೆಗಳಿಂದಲೇ ಆದ ಬಿಲ್ಲೆಗಳನ್ನು ಅವರೇ ತಿಕ್ಕಬೇಕೆಂದು ಹೇಳಲು ಯಾರ ನಾಲಿಗೆಯೂ ತಡವರಿಸಲಿಲ್ಲ.

ಅವರು ಬಿಲ್ಲೆಗಳನ್ನು ಕುದಿಯುವ ನೀರಿಗೆ ಹಾಕಿದರು. ಹುಣಸೆಹಣ್ಣು ಹಚ್ಚಿ ತಿಕ್ಕಿದರು. ಮೇಣ ಕರಗಿತು.

ದೇಮವ್ವನಿಗೆ ಓದು ಬರುತ್ತಿರಲಿಲ್ಲ. ಆದರೆ ಮದುವೆಯಾದಂದಿನಿಂದ ದಿನವೂ ತೊಳೆದ ಗಂಗಾಳದ ಆ ಮೂರು ಅಕ್ಷರಗಳನ್ನು ಅವಳ ಹೆಬ್ಬೆರಳು ಬಲ್ಲದು. ಒಂದು ಬಿಲ್ಲೆಯ ಮೇಲೆ ಆ ಹೆಬ್ಬೆರಳು ನಿಂತಿತು. ಅವಳು ಎದ್ದಳು. ಅಂಗಳದ ನಡುವೆ ನಿಂತು, ಹೊಲದಿಂದ ಊಟಕ್ಕೆ ಕರೆಯುವ ದನಿಯಲ್ಲಿ, ಬರಮಾ ಎಂದು ಕೂಗಿದಳಂತೆ. ಪಕ್ಕದವಳು ತನ್ನ ಕೈಯ ಬಿಲ್ಲೆಯನ್ನು ಕೆಳಗಿಟ್ಟು ಇನ್ನೊಂದನ್ನು ಹುಡುಕಿ ತೆಗೆದು ತನ್ನವನನ್ನು ಕೂಗಿದಳು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಕೂಗಿದರು. ಪೂಜೆಗೆ ಬಂದಿದ್ದ ಡೋಲಿನವರು ಬಾರಿಸುವುದನ್ನು ನಿಲ್ಲಿಸಿದರು. ಆ ಹೆಸರುಗಳು ಕೋಟೆಯ ಗೋಡೆಗೆ ಬಡಿದು ಇಡೀ ದಿನ ಮರುದನಿಗೊಟ್ಟವು ಎನ್ನುತ್ತಾರೆ. ಇಡೀ ದಿನವೋ ಅಲ್ಲವೋ, ದಳವಾಯಿಯ ಕಿವಿಗಂತೂ ಬಿದ್ದವು.

ಮೌನಾಚಾರಿಯನ್ನು ಎಳೆದು ತಂದರು. ಯಾರ ಅಪ್ಪಣೆಯಿಂದ ಹೀಗೆ ಮಾಡಿದೆ ಎಂದು ದಳವಾಯಿ ಕೇಳಿದ.

“ಕಂಚು ಯಾರದೋ, ಹೆಸರೂ ಅವರದು, ಬುದ್ಧಿ. ಕರಗಿಸಿದ ಮಾತ್ರಕ್ಕ ಒಡೆಯರು ಬದಲಾಗೂದಿಲ್ಲ. ಹೆಸರು ಬಿಟ್ಟಿದ್ರ ನಿಮ್ಮ ಭಾವಮೈದುನರ ಎದಿ ಮ್ಯಾಲೆ ಕಳವಿನ ಮಾಲು ಕೂಡ್ತಿತ್ತು.”

ಹೆಸರುಗಳನ್ನು ಅರದಿಂದ ಉಜ್ಜಿ ಅಳಿಸಲು ಅಪ್ಪಣೆಯಾಯಿತು. ಮೊದಲ ಬಿಲ್ಲೆಯನ್ನು ಉಜ್ಜಿದರು. ಹೆಸರು ಅಳಿಯುವ ಮೊದಲೇ ದೊರೆಯ ಆನೆ ಒಡೆದು ಕೆಳಗೆ ಬಿತ್ತು. ಲಾಂಛನ ಒಡೆದವನಿಗೆ ಮರಣದಂಡನೆಯೆಂಬುದು ದಳವಾಯಿಯೇ ಮಾಡಿದ ಕಟ್ಟಳೆ. ಎರಡನೆಯದನ್ನು ಮುಟ್ಟಲು ಯಾರೂ ಒಪ್ಪಲಿಲ್ಲ. ಅಳಿಸಿದಷ್ಟೂ ಹೆಸರು ಮೂಡುತ್ತಿತ್ತು ಎಂದು ಪವಾಡ ಹೇಳುವವರಿದ್ದಾರೆ. ಪವಾಡವಲ್ಲ, ಅವನು ಅಷ್ಟು ಆಳಕ್ಕೆ ಹೊಡೆದಿದ್ದ.

ಅವನ ಕುಲುಮೆಗೆ ಮಣ್ಣು ತುಂಬಿದರು. ಅವನನ್ನು ಗಡಿಯಾಚೆಗೆ ಅಟ್ಟಿದರು. ಎಲ್ಲಿ ಸತ್ತನೆಂದು ಯಾರಿಗೂ ತಿಳಿಯದು. ಬಿಲ್ಲೆ ಪಡೆದವರು ಅದನ್ನು ಮತ್ತೆ ಧರಿಸಲಿಲ್ಲ. ನಿಷ್ಠೆಯೇನೂ ಕಡಿಮೆಯಾಗಿರಲಿಲ್ಲ, ಎದೆಗೆ ಚುಚ್ಚುತ್ತಿತ್ತಂತೆ.

ಈಗಲೂ ಕಂಚಿನಹಾಳಿಗೆ ಯಾರಾದರೂ ಪದಕ ಧರಿಸಿ ಬಂದರೆ ಜನ ನೀರು ಕೊಡುತ್ತಾರೆ, ಕಟ್ಟೆಯ ಮೇಲೆ ಕೂರಿಸುತ್ತಾರೆ. ಆಮೇಲೆ ಒಬ್ಬ ಹಿರಿಯ ಹೆಂಗಸು ಬಂದು ಪದಕವನ್ನು ತಿರುಗಿಸಿ, ಹಿಂಬದಿಯನ್ನು ಹೆಬ್ಬೆರಳಿನಿಂದ ಸವರುತ್ತಾಳೆ. ನಿಮ್ಮ ಜೊತೆ ಹೋಗಿ ಬಾರದವರು ಯಾರು ಎಂದು ಕೇಳುತ್ತಾಳೆ. ಬಂದವನು ಹೆಸರು ಹೇಳಿದರೆ ಎಲ್ಲರೂ ಎದ್ದು ನಿಲ್ಲುತ್ತಾರೆ. ಹೇಳದಿದ್ದರೆ ಕುಳಿತೇ ಇರುತ್ತಾರೆ.