ಡಾಂಬರು ರಸ್ತೆಗೆ ಹತ್ತಿದ ಚುಕ್ಕೆ

ಹೊಳೆ ಕಡಲು ಸೇರುವ ಅಳಿವೆಯ ದಂಡೆಯ ಮೇಲೊಂದು ಶಾಲೆ. ಶೇವಂತಿ ಅಕ್ಕೋರು ಅಲ್ಲಿನ ಹಿರಿಯ ಗುರು. ಒಂದು ಕಾಲಕ್ಕೆ ಅವರ ಕೈಯಲ್ಲೇ ಕಲಿತ ಸುಬ್ರಾಯ ಈಗ ಅಲ್ಲೇ ಏಳನೇ ತರಗತಿಗೆ ಮಾಸ್ತರ.

ಕಡಲ ಪ್ರಾಣಿಗಳ ಪಾಠವನ್ನು ಅವನು ದೊಡ್ಡ ಪರದೆಯ ಮೇಲೆ ಮಾಡುತ್ತಿದ್ದ. ಪರದೆ ಕೊಡಿಸಿದವರು ಶಾಲೆಯ ಅಧ್ಯಕ್ಷರು. ಅವರ ಹೆಸರು ಪರದೆಗಿಂತ ದೊಡ್ಡದಾಗಿ ಗೋಡೆಯ ಮೇಲಿತ್ತು.

ವಿಜ್ಞಾನಿಗಳು ಒಂದು ಕಡಲಾಮೆಯ ಬೆನ್ನಿಗೆ ಪುಟ್ಟ ಯಂತ್ರ ಅಂಟಿಸಿ ಬಿಟ್ಟಿದ್ದರು. ಅದು ಈಜಿದ ಕಡೆಯೆಲ್ಲ ಪರದೆಯ ನಕ್ಷೆಯಲ್ಲಿ ಒಂದು ಕೆಂಪು ಚುಕ್ಕೆ ಹೋಗುತ್ತಿತ್ತು. ಮಕ್ಕಳು ಅದಕ್ಕೆ ಅಜ್ಜಿ ಎಂದು ಹೆಸರಿಟ್ಟಿದ್ದರು. ಎರಡು ತಿಂಗಳಿಂದ ಹಾಜರಿಗೂ ಮುಂಚೆ ಅಜ್ಜಿ ಎಲ್ಲಿದ್ದಾಳೆಂದು ನೋಡಲೇಬೇಕಿತ್ತು.

ಒಂದು ಬೆಳಿಗ್ಗೆ ಚುಕ್ಕೆ ದಡಕ್ಕೆ ಬಂತು.

"ಅಜ್ಜಿ ಮೊಟ್ಟೆ ಇಡೂಕೆ ಬಂತು ಮಾಸ್ತರ್ರೇ!"

ಚುಕ್ಕೆ ಮರಳು ದಾಟಿತು. ಡಾಂಬರು ರಸ್ತೆಗೆ ಹತ್ತಿತು. ಮಕ್ಕಳು ನಕ್ಕರು. ಆಮೇಲೆ ಬಸ್ಸಿನ ವೇಗದಲ್ಲಿ ಓಡತೊಡಗಿತು.

ಮಕ್ಕಳ ನಗು ನಿಂತಿತು. ಯಾರೋ ಅಜ್ಜಿಯನ್ನು ಗಾಡಿಗೆ ಹಾಕಿಕೊಂಡು ಹೋಗುತ್ತಿದ್ದರು.

ಒಂದು ಮೈಲಿ ದೂರ ಓಡಿ ಚುಕ್ಕೆ ಒಂದು ಕಡೆ ನಿಂತಿತು. ಮೋಹಿನಿ ಎಂಬ ಹುಡುಗಿ ಎದ್ದು ಬಂದು ಅದರ ಮೇಲೆ ಬೆರಳಿಟ್ಟಳು.

"ಇದು ಅಧ್ಯಕ್ಷರ ಹೊಸ ಮನೆ ಅಲ್ವಾ ಮಾಸ್ತರ್ರೇ?"

ಸುಬ್ರಾಯ ಪರದೆ ಆರಿಸಿದ. "ಕರೆಂಟು ಹೋಯ್ತು. ಪುಸ್ತಕ ತೆಗೀರಿ."

ಯಾರೂ ಪುಸ್ತಕ ತೆಗೆಯಲಿಲ್ಲ. ಎಲ್ಲರೂ ತಲೆಯೆತ್ತಿ ತಿರುಗುತ್ತಿದ್ದ ಫ್ಯಾನನ್ನು ನೋಡಿದರು.

ಸುಬ್ರಾಯನಿಗೆ ನಾಚಿಕೆಯಾಯಿತು. ಗುರುವಿನ ಬಳಿಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದ.

"ಎಂತಕ್ಕೆ ಆರಿಸಿದೆ?" ಎಂದರು ಅಕ್ಕೋರು.

"ನನ್ನ ಕೆಲಸ ಇನ್ನೂ ಖಾಯಂ ಆಗ್ಲಿಲ್ಲ ಅಕ್ಕೋರೆ. ಅಧ್ಯಕ್ಷರ ಸಹಿ ಬೇಕು."

"ಆಮೆ ಜೀವಂತ ಇದ್ಯಾ?"

"ಗೊತ್ತಿಲ್ಲ."

"ಹಾಗಾದ್ರೆ ಇವತ್ತು ಮಕ್ಕಳಿಗೆ ಎಂತ ಕಲಿಸಿದೆ?"

"ಕಡಲ ಪ್ರಾಣಿಗಳ ಪಾಠ."

"ಅಲ್ಲ, ನಾನು ಹೇಳ್ತೆ. ದೊಡ್ಡವರ ಮನೆ ಕಂಡ ಕೂಡಲೇ ಆರಿಸಿಬಿಡಬೇಕು ಅಂತ ಕಲಿಸಿದೆ. ಮೂವತ್ತೆರಡು ಮಕ್ಕಳೂ ಒಂದೇ ಸಲಕ್ಕೆ ಕಲಿತರು. ಭೇಷ್."

ಅವನ ಕಣ್ಣು ತುಂಬಿತು. "ಈಗ ನಾನು ಎಂತ ಮಾಡ್ಲಿ?"

ಅಕ್ಕೋರು ನೆಟ್ಟಗೆ ತರಗತಿಗೆ ಹೋಗಿ ಪರದೆ ಹಾಕಿದರು. ಚುಕ್ಕೆ ಅಲ್ಲೇ ಇತ್ತು.

"ಏಳಿ. ಉಳಿದ ಪಾಠ ಅಲ್ಲಿ."

ಮಕ್ಕಳು ಸಾಲಾಗಿ ಹೊರಟರು. ಸುಬ್ರಾಯ ಬಾಗಿಲಲ್ಲೇ ಸ್ವಲ್ಪ ಹೊತ್ತು ನಿಂತ. ಆಮೇಲೆ ಓಡಿ ಹೋಗಿ ಸಾಲಿನ ಮುಂದೆ ಸೇರಿಕೊಂಡ.

ಹೊಸ ಮನೆಯ ಗೇಟಿನಲ್ಲಿ ಕಾವಲುಗಾರ ತಡೆದ. "ಯಾರು ಇವರನ್ನೆಲ್ಲ ಕರ್ಕೊಂಡು ಬಂದದ್ದು?"

ಅಕ್ಕೋರು ಬೇಕೆಂದೇ ಒಂದು ಹೆಜ್ಜೆ ಹಿಂದೆ ಸರಿದರು.

ಸುಬ್ರಾಯ ಮುಂದೆ ಬಂದ. "ನಾನು," ಎಂದ. "ಇವರ ಮಾಸ್ತರ."

ಕಾವಲುಗಾರ ಗೇಟು ತೆರೆದ. ಅಂಗಳದ ಕಾರಂಜಿ ತೊಟ್ಟಿಯಲ್ಲಿ ಅಜ್ಜಿ ಇದ್ದಳು. ಸಿಮೆಂಟು ಗೋಡೆಗೆ ಮತ್ತೆ ಮತ್ತೆ ತಲೆ ಚಚ್ಚಿಕೊಳ್ಳುತ್ತಿದ್ದಳು.

ಅಧ್ಯಕ್ಷರು ಹೊರಗೆ ಬಂದು ನಕ್ಕರು. "ಗೃಹಪ್ರವೇಶಕ್ಕೆ ಆಮೆ ಶುಭ ಅಂದ್ರು, ತರಿಸಿದೆ. ಒಂದು ಆಮೆ ನೋಡೂಕೆ ಇಷ್ಟು ಜನವಾ?"

ಸುಬ್ರಾಯ ಚಪ್ಪಲಿ ಬಿಟ್ಟು ತೊಟ್ಟಿಗೆ ಇಳಿದ. ಮೋಹಿನಿ ಇಳಿದಳು. ಇನ್ನೂ ಆರು ಮಕ್ಕಳು ಇಳಿದರು. ಎಲ್ಲರೂ ಸೇರಿ ಅಜ್ಜಿಯನ್ನು ಎತ್ತಿದರು. ಕಾವಲುಗಾರ ಯಜಮಾನರ ಮುಖ ನೋಡದೆ ತೋಟದ ಕೈಗಾಡಿ ತಂದು ನಿಲ್ಲಿಸಿದ.

ಅಧ್ಯಕ್ಷರ ನಗು ಹಾರಿಹೋಯಿತು.

"ಸುಬ್ರಾಯ, ನಾಳೆಯಿಂದ ನೀನು ಶಾಲೆಗೆ ಬರೂದು ಬೇಡ!"

ಸುಬ್ರಾಯ ಗಾಡಿಯ ಹಿಡಿ ಬಿಡಲಿಲ್ಲ. ಕಡಲಿನ ಕಡೆಗೆ ತಳ್ಳಿದ.

ಅಧ್ಯಕ್ಷರು ಅಕ್ಕೋರ ಕಡೆ ತಿರುಗಿದರು. "ಆ ಪರದೆಯನ್ನೂ ಇವತ್ತೇ ಕಳಚಿಸ್ತೆ!"

"ಕಳಚಿಸಿ," ಎಂದರು ಶೇವಂತಿ ಅಕ್ಕೋರು. "ಮಕ್ಕಳಿಗೆ ನೋಡೂದು ರೂಢಿಯಾಗಿ ಹೋಗಿದೆ."